ಸೆರಗಿಲ್ಲದ ನವಿಲು

ಚಳ್ಳಕೆರೆಯ ಡಿಟಿಪಿ ಅಂಗಡಿಯೊಂದರಲ್ಲಿ ಮದುವೆ ಕಾರ್ಡುಗಳಿಗೆ ಹಿನ್ನೆಲೆ ಚಿತ್ತಾರ ಮಾಡುವುದು ನನ್ನ ಕೆಲಸವಾಗಿತ್ತು. ಚಿತ್ತಾರದ ಒಂದು ಸಣ್ಣ ಚೌಕವನ್ನು ಪಕ್ಕಪಕ್ಕಕ್ಕೆ ಎಷ್ಟು ಸಲ ಇಟ್ಟರೂ ಜೋಡಣೆಯ ಗೆರೆ ಕಾಣಬಾರದು. ಡಿಗ್ರಿ ಮುಗಿಸಿ ಬಂದವಳಿಗೆ ಆ ಅಚ್ಚುಕಟ್ಟು ಹಿಡಿಸಿತ್ತು.

ಒಂದು ದಿನ ಬಟ್ಟೆ ವ್ಯಾಪಾರಿಯೊಬ್ಬರು ನಮ್ಮೂರು ಮೊಳಕಾಲ್ಮೂರಿನ ರೇಷ್ಮೆ ಸೀರೆ ತಂದು, ಇದರ ನವಿಲನ್ನು ಚಿತ್ತಾರ ಮಾಡಿಕೊಡಿ ಎಂದು ಸ್ಕ್ಯಾನರ್ ಮೇಲೆ ಹರಡಿದರು. ಕತ್ತು ಹಿಂದಕ್ಕೆ ತಿರುಗಿಸಿದ ಆ ನವಿಲು ನಮ್ಮ ಅಪ್ಪನ ಮಗ್ಗದ್ದು. ನಾನು ಕಂಪ್ಯೂಟರಿನಲ್ಲಿ ಅದರ ಚೌಕ ಕತ್ತರಿಸಿ, ನಾಲ್ಕೂ ಕಡೆ ಕೂಡುವಂತೆ ಮಾಡಿಕೊಟ್ಟೆ.

ಸಂಜೆ ಮನೆಯಲ್ಲಿ ಅದರ ಪ್ರಿಂಟನ್ನು ಅವ್ವನ ಕೈಗಿತ್ತೆ. ಅವ್ವ ತಿರುಗಿಸಿ ತಿರುಗಿಸಿ ನೋಡಿದಳು.

“ಸೆರಗು ಎಲ್ಲೈತೆ?”

“ಇದಕ್ಕೆ ಸೆರಗಿಲ್ಲವ್ವ. ಎಷ್ಟುದ್ದ ಬೇಕಾದ್ರೂ ಹೋಗ್ತೈತೆ.”

“ಮುಗೀದೇ ಇರೋ ಸೀರೆನ ಯಾವಳೇ ಉಡ್ತಾಳೆ, ರಾಕ್ಷಸಿನಾ?” ಅವ್ವ ನಕ್ಕಳು.

ಪಕ್ಕದಲ್ಲೇ ಸದ್ದು ಮಾಡುತ್ತಿದ್ದ ಅಪ್ಪನ ಮಗ್ಗ ನಿಂತಿತು. ಬೆಳಕಿರುವಾಗ ಮಗ್ಗ ನಿಂತರೆ ಸೆರಗು ಮುಗಿಯಿತು, ಮಗ್ಗದಿಂದ ಸೀರೆ ಕೊಯ್ದು ಇಳಿಸುತ್ತಿದ್ದಾರೆ ಎಂದು ನಮ್ಮ ಬೀದಿಯವರು ತಿಳಿಯುತ್ತಿದ್ದರು. ಅಪ್ಪನ ಸೀರೆ ಇನ್ನೂ ಅರ್ಧದಲ್ಲಿತ್ತು.

“ಯಾವ ಮಗ್ಗದಾಗೆ ನೇಯ್ತಾರಂತೆ ಇದನ್ನ?”

“ನೇಯಲ್ಲಪ್ಪ. ಮಿಷಿನ್ನಾಗೆ ಬಟ್ಟೆ ಮ್ಯಾಲೆ ಅಚ್ಚು ಹಾಕ್ತಾರಂತೆ.”

ಸ್ವಲ್ಪ ಹೊತ್ತಿನ ಮೇಲೆ ಲಾಳಿ ಮತ್ತೆ ಓಡಿತು.

ಮುಂದಿನ ವಾರ ವ್ಯಾಪಾರಿ ಬಂದರು. “ನವಿಲು ಚೆನ್ನಾಗಿ ಬಂದೈತಮ್ಮ. ನೈಟಿ, ಪರದೆ, ಎಲ್ಲಕ್ಕೂ ನಡೀತೈತೆ,” ಎಂದು ಇನ್ನೊಂದು ಸೀರೆ ಬಿಚ್ಚಿದರು. ಅದರ ಗಿಳಿಗಳು ನಮ್ಮ ಎದುರುಮನೆಯ ಮಗ್ಗದವು.

ಆ ಸಂಜೆ ಬಸ್ಸಿಳಿದು ಬಂದವಳು ಬೀದಿಗೆ ಕಾಲಿಡುವ ಮೊದಲು ನಿಂತು, ಅಪ್ಪನ ಮಗ್ಗದ ಸದ್ದು ಇನ್ನೂ ಕೇಳಿಸುತ್ತದೆಯೇ ಎಂದು ಆಲಿಸಿದೆ.