ಇಂಡಿಯಲ್ಲಿ ಶ್ರುತಿ ಕೂಡದ ಪೆಟ್ಟಿಗೆ

ಸಿಂದಗಿ ಬಸ್ಸು ತಡ. ಇಂಡಿ ನಿಲ್ದಾಣದ ಹಿಂದೆ ಹಾರ್ಮೋನಿಯಂ ರಿಪೇರಿ ಕಲಿಸುವ ಕೋಣೆಯೊಂದಿತ್ತು, ಹೋಗಿ ಕೂತೆ. ಕಲಿಯಲು ಬಂದಿದ್ದ ಹೊರ್ತಿಯ ಮೌಲಾಸಾಬ ಪೆಟ್ಟಿಗೆಯ ತಿದಿಗೆ ಕೆನ್ನೆಯಿಟ್ಟು ಗಾಳಿ ಸೋರುವ ಜಾಗ ಹಿಡಿಯುತ್ತಿದ್ದ. ಸಕ್ಕರೆ ಕಾರ್ಖಾನೆಯ ಸದ್ದಿನಲ್ಲಿ ದುಡಿದು ಅವನ ಕಿವಿ ಮಂದವಾಗಿದೆಯಂತೆ. ಶ್ರುತಿ ಕೂಡಿಸುವಾಗ ಜೊತೆಯವರ ಮುಖ ನೋಡುತ್ತಾನೆ, ಮುಖ ಅರಳಿದರೆ ಸ್ವರ ಕೂಡಿದಂತೆ ಎಂದು ಪಕ್ಕದವರು ಪಿಸುಗುಟ್ಟಿದರು.

ಅಷ್ಟರಲ್ಲಿ ಮಾಸ್ತರರು ಅವನೊಬ್ಬನನ್ನು ಬಿಟ್ಟು ಉಳಿದ ಕಲಿಯುವವರನ್ನೆಲ್ಲ ಹೊರಗೆ ಕಳಿಸಿದರು. ಅತಿಥಿಯೆಂದು ನನ್ನನ್ನು ಕೂರಲು ಬಿಟ್ಟರು.

"ನೀ ಒಬ್ಬನೇ ಸ್ವರ ಕೂಡಸು, ನೋಡೂನು. ಆಗಲಿಲ್ಲಂದ್ರ ನಾಳಿಂದ ಬರಬ್ಯಾಡ!" ಎಂದು ಅವನ ಕಿವಿಯ ಹತ್ತಿರ ಕೂಗಿದರು.

ಮೌಲಾಸಾಬ ಹಿತ್ತಾಳೆಯ ರೀಡನ್ನು ಸಣ್ಣ ಅರದಿಂದ ಉಜ್ಜಿದ, ನುಡಿಸಿದ, ಮತ್ತೆ ಉಜ್ಜಿ ನನ್ನತ್ತ ನೋಡಿದ. ಸಂಗೀತದ ಗಂಧವಿಲ್ಲದ ನಾನು, ಧೈರ್ಯ ಬರಲಿ ಎಂದು ನಕ್ಕೆ. ನನ್ನ ಹಾಳು ಸೌಜನ್ಯ! ಪಕ್ಕದವರ ಮಾತು ನೆನಪಾಗುವಷ್ಟರಲ್ಲಿ ಅವನು ಅರ ಕೆಳಗಿಟ್ಟಿದ್ದ.

"ಆತ್ರಿ ಮಾಸ್ತರ."

ಮಾಸ್ತರರು ನುಡಿಸಿ ನೋಡಿದರು, ಮುಖ ಕಿವುಚಿದರು, ಪೆಟ್ಟಿಗೆ ಮುಚ್ಚಿದರು. ಮೌಲಾಸಾಬ ಅದನ್ನು ನೋಡಲಿಲ್ಲ. ಅವನು ಇನ್ನೂ ನನ್ನ ಮುಖವನ್ನೇ ನೋಡಿ ನಗುತ್ತಿದ್ದ.