ಬಿಳಿಯ ದೃಷ್ಟಿಬೊಟ್ಟು

ಶ್ರೀನಿವಾಸಪುರದ ಛತ್ರದಲ್ಲಿ, ಮದುಮಗಳ ಕೋಣೆಯ ಹೊರಗೆ, ಎಡಗಡೆಯ ಕಂಬಕ್ಕೆ ಒರಗಿ ನಿಂತಿದ್ದೆ. ಧಾರೆಗೆ ಮುಂಚಿನ ಹೊತ್ತು; ಓಲಗದವರು ಆಗತಾನೆ ಕಾಫಿ ಕುಡಿದು ಬಂದಿದ್ದರು. ಬಾಗಿಲು ತೆರೆದೇ ಇತ್ತು. ನಮ್ಮ ಓನರಮ್ಮ ಬಲಗೈಯ ಉಂಗುರದ ಬೆರಳನ್ನು ನೀರಿಗೆ ಅದ್ದಿ, ರಂಗೋಲಿಗೆಂದು ಇಟ್ಟಿದ್ದ ಅಕ್ಕಿ ಹಿಟ್ಟಿಗೆ ಒತ್ತಿ ಮೇಲೆತ್ತಿದರು.

ಓನರಮ್ಮ ಎಂದರೆ ನನ್ನ ಬಾಡಿಗೆ ರೂಮಿನ ಯಜಮಾನಿ. ನಾನು ಮಹಡಿಯ ಮೇಲೆ, ಅವರ ಸಂಸಾರ ಕೆಳಗೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಆ ರೂಮಿಗೆ ಬಂದಾಗ ಅವರ ಮಗ ಸೊಸೆ ದತ್ತು ತಂದ ಹೆಣ್ಣು ಮಗುವಿಗೆ ಎರಡು ವರ್ಷ. ಯಲ್ಲಾಪುರದ ಕಡೆಯ ಸಿದ್ದಿ ಜನರ ಮಗು. ಅವರ ಹಿರೀಕರು ಎಂದೋ ಆಫ್ರಿಕಾದಿಂದ ಬಂದವರು. ಹೊಳೆಯುವ ಕಪ್ಪು ಮೈ, ಒತ್ತೊತ್ತಾದ ಗುಂಗುರು ಕೂದಲು.

ಮೊದಮೊದಲು ಬೆಳಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಆ ಮಗುವಿನ ಅಳು. ಓನರಮ್ಮ ಒಣಗೂದಲಿಗೇ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆಯುತ್ತಿದ್ದರು. "ಗುಂಡು ಹೊಡೆಸಿಬಿಡಿ, ಹೊಸದು ನೆಟ್ಟಗೆ ಬರ್ತದೆ" ಎಂದು ಬೀದಿಯವರು ಹೇಳಿದರು. ಹೊಡೆಸಿದರು. ಮತ್ತೆ ಬಂದದ್ದು ಅದೇ ಗುಂಗುರು. ಓನರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನು ಹಠ ನೋಡಪ್ಪಾ! ನನ್ನ ಮೊಮ್ಮಗಳೇ, ಅನುಮಾನ ಇಲ್ಲ."

ಆಮೇಲೆ ಒಂದು ಬುಟ್ಟಿ ಮಾವಿನಹಣ್ಣಿನೊಂದಿಗೆ ಮನೆಮಂದಿಯೆಲ್ಲ ಯಲ್ಲಾಪುರಕ್ಕೆ ಹೋದರು. ಅಲ್ಲಿ ಒಬ್ಬ ಸಿದ್ದಿ ಅಜ್ಜಿಯ ಜಗಲಿಯಲ್ಲಿ ಕೂತು ಓನರಮ್ಮ ತಲೆ ಬಾಚುವುದನ್ನು ಕಲಿತರು: ಮೊದಲು ನೆನೆಸಬೇಕು, ಎಣ್ಣೆ ಹಚ್ಚಬೇಕು, ತುದಿಯಿಂದ ಬಿಡಿಸುತ್ತಾ ಬರಬೇಕು. "ಕೂದಲು ಸರಿಯಾಗೇ ಇತ್ತು ಕಣಪ್ಪಾ, ದಡ್ಡದು ನನ್ನ ಬಾಚಣಿಗೆ" ಎಂದರು. ಮುಂದೆ ವರ್ಷಕ್ಕೊಮ್ಮೆ ಮಗುವನ್ನು ಅಲ್ಲಿಗೆ ಕರೆದೊಯ್ಯುವುದು ರೂಢಿಯಾಯಿತು. ಅಲ್ಲಿಯ ಡಮಾಮಿ ಎಂಬ ವಾದ್ಯ ಕೇಳಿ ಬಂದಾಗಲೆಲ್ಲ, "ಅದನ್ನ ಬಾರಿಸಿದ್ರೆ ಈ ಮಂಡಿನೋವು ಎಲ್ಲಿ ಹೋಗ್ತದೋ!" ಎನ್ನುತ್ತಿದ್ದರು.

ಛತ್ರದಲ್ಲಿ ಆ ದಿನ ನಡೆದದ್ದು ಓನರಮ್ಮನ ನಾದಿನಿಯ ಮೊಮ್ಮಗಳ ಮದುವೆ. ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿಯಾಗಿ ಈ ಮಗುವನ್ನೇ ಮದುಮಗಳು ಕೇಳಿಕೊಂಡಿದ್ದಳು. ಆರು ವರ್ಷದ ಹುಡುಗಿ ನೀರು ತುಂಬಿದ ಚೊಂಬು ಹಿಡಿದು ನನ್ನ ಮೆಟ್ಟಿಲುಗಳ ಮೇಲೆ ಹತ್ತಿ ಇಳಿದು ಅಭ್ಯಾಸ ಮಾಡಿದ್ದಳು.

ನಾದಿನಿ ಕೋಣೆಗೆ ಬಂದವರೇ, ಅತ್ತಿಗೆಯನ್ನು ತೆಲುಗಿನಲ್ಲಿ ಕರೆದು, "ವದಿನಾ, ಈ ಮಗು ಬೇಡ. ಫೋಟೋದಲ್ಲಿ ಕತ್ತಲೆ ಕತ್ತಲೆ ಕಾಣ್ತದೆ. ಬೀಗರು ಏನಂದಾರು?" ಎಂದರು. ಮಗುವಿನ ಕೆನ್ನೆಯ ಕಾಡಿಗೆ ಬೊಟ್ಟನ್ನು ಬಗ್ಗಿ ನೋಡಿ, "ಇವಳಿಗೆ ದೃಷ್ಟಿಬೊಟ್ಟು ಬೇರೆ! ಎಲ್ಲಿದೆ ಅಂತ ಹುಡುಕಬೇಕು" ಎಂದರು. ಯಾರೋ ಇಬ್ಬರು ನಕ್ಕರು. ಮಗು ಕಳಸವನ್ನು ಚಾಪೆಯ ಮೇಲೆ ಇಟ್ಟುಬಿಟ್ಟಿತು.

ಆಗಲೇ ಓನರಮ್ಮ ಬೆರಳನ್ನು ಅಕ್ಕಿ ಹಿಟ್ಟಿಗೆ ಒತ್ತಿದ್ದು. ಮಗುವಿನ ಕೆನ್ನೆಯ ಮೇಲೆ ದುಂಡಗೆ, ಬೆಳ್ಳಗೆ ಒಂದು ಬೊಟ್ಟು ಇಟ್ಟರು.

"ನೀನು ಹೇಳಿದ್ದು ನಿಜ ಕಣಮ್ಮಾ. ಇಷ್ಟು ವರ್ಷ ಕಾಣಿಸದ ಬೊಟ್ಟು ಇಟ್ಟೆ. ಅದಕ್ಕೇ ನಿನ್ನ ಕಣ್ಣು ಬಿದ್ದುಬಿಡ್ತು."

ಕಳಸ ಎತ್ತಿ ಮಗುವಿನ ಕೈಗೆ ಕೊಟ್ಟರು. "ಹಿಡ್ಕೋ ಬಂಗಾರು ತಲ್ಲಿ. ನಿನ್ನನ್ನ ನಿಲ್ಲಿಸದಿದ್ರೆ ನಾನೂ ಈ ಮದುವೇಲಿ ನಿಲ್ಲಲ್ಲ."

ಮದುಮಗಳೇ ಮೊದಲು ಬಾಯಿ ಬಿಟ್ಟಳು. "ಅಜ್ಜೀ, ನಂಗೂ ಒಂದು ಬಿಳೀದು ಇಡಿ."

"ನಿಂಗಿಟ್ರೆ ಕಾಣಿಸಲ್ಲ ಕಣೇ. ಪಾಪ, ನಿನ್ನ ಬಣ್ಣಾನೇ ಹಂಗೆ, ಏನ್ಮಾಡೋದು!"

ಕೋಣೆಯೆಲ್ಲ ನಗು. ಫೋಟೋದ ಸಾಬರು ಕ್ಯಾಮೆರಾ ಎತ್ತಿದರು. "ಬೇಟಾ, ಗದ್ದ ಮೇಲೆತ್ತು. ಕತ್ತಲೆ ಬಿದ್ರೆ ನನ್ನ ಲೈಟನ್ನ ಬೈಯಲಿ."

ಓನರಮ್ಮ ತೀರಿಕೊಂಡು ಎರಡು ಮಾವಿನ ಸುಗ್ಗಿ ಕಳೆದವು. ಅಂದಿನದನ್ನು ಈಗಲೂ ನೆನೆಯುವವರಲ್ಲಿ ನನಗೆ ಗೊತ್ತಿರುವವರು ಇಷ್ಟು ಜನ: ಮುಳಬಾಗಿಲಿನಲ್ಲಿ ಸಂಸಾರ ಹೂಡಿರುವ ಆ ಮದುಮಗಳು, ಫೋಟೋದ ಸಾಬರು, ಕೇಳಿದರೆ "ನಾನೇ ಅಂದಿದ್ದು" ಎಂದು ತಲೆ ತಗ್ಗಿಸುವ ನಾದಿನಿ, ನಾನು. ಮತ್ತೆ ಆ ಹುಡುಗಿ. ಈಗ ಹೈಸ್ಕೂಲು. ಮೊನ್ನೆ ನನಗೆ ಹೇಳಿದಳು: "ಆ ಅಜ್ಜಿ ಅಂದಿದ್ದು ನೆನಪಿದೆ ಅಂಕಲ್, ಪೂರ್ತಿ ನೆನಪಿದೆ. ಆದ್ರೆ ಅದರ ಹಿಂದೇನೇ ನಮ್ಮಜ್ಜಿ ಅಂದಿದ್ದು ನೆನಪಾಗಿ ನಗು ಬಂದ್ಬಿಡ್ತದೆ."