ರಂಗಪ್ಪನವರು ಬಂದರೆ

ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ಸಾವಾದರೆ ಮೊದಲ ಫೋನು ರಂಗಪ್ಪನವರಿಗೆ. ಬಿದಿರು, ಮಡಕೆ, ವ್ಯಾನು, ಪುರೋಹಿತರು, ಎಲ್ಲ ಅವರದೇ ಏರ್ಪಾಡು. "ನೀವು ಒಳಗೆ ಕೂತ್ಕೊಳ್ಳಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎನ್ನುತ್ತಾರೆ. ಅವರೇನೂ ಈ ಕೆಲಸ ಕೇಳಿಕೊಂಡು ಬಂದವರಲ್ಲ. ಎಂದೋ ಒಂದು ಸಾವಿನಲ್ಲಿ ಅಳದೆ ನಿಂತಿದ್ದರು, ಬೀದಿಯವರೆಲ್ಲ ಸೇರಿ ಪಟ್ಟ ಕಟ್ಟಿಬಿಟ್ಟೆವು. ಈಗ ಅವರು ಹಾದುಹೋದರೆ ಜಗಲಿಯ ಮುದುಕರು ಕೆಮ್ಮು ತಡೆದುಕೊಂಡು ನೆಟ್ಟಗೆ ಕೂರುತ್ತಾರೆ. ಅದಕ್ಕೇ ರಂಗಪ್ಪನವರು ಕಾಯಿಲೆಯವರಿರುವ ಮನೆ ತಪ್ಪಿಸಿ, ಅಡ್ಡರಸ್ತೆ ಬಳಸಿ ಓಡಾಡುತ್ತಾರೆ. ಮೊನ್ನೆ ಅವರ ಹೆಂಡತಿ ವೇಣಮ್ಮ ಜ್ವರದಿಂದ ಮಲಗಿದ್ದಾರೆಂದು ನೋಡಲು ಹೋದೆ. ರಂಗಪ್ಪನವರು ಲೋಟ ಹಿಡಿದು ಅವರ ಕೋಣೆಯ ಹೊಸ್ತಿಲಾಚೆಯೇ ನಿಂತಿದ್ದರು: "ಹೆದರ್ಕೋಬೇಡ ಕಣೇ, ಗಂಜಿ ಕೊಡೋಕೆ ಬಂದೆ, ಅಷ್ಟೇ."